ರಾಜ್ಯೋತ್ಸವಕ್ಕೆ 108, ಫೈರ್, ಪವರ್‌ಮ್ಯಾನ್ ಇವ್ರಿಗೆ ಸನ್ಮಾನ ಮಾಡೋಣ ಅಂತಿದೀವಿ, ಹೆಂಗ್ ಮಾಡಿದ್ರೆ ಸರಿ?

ತುಂಗಾತೀರ

ಎಲ್ರಿಗೂ ನಮಸ್ಕಾರ. ನಮ್ದು ಶಿವಮೊಗ್ಗ ಕಡೆ ಒಂದ್ ಸಣ್ಣ ಪೇಟೆ. ನಮ್ಮ ಗೆಳೆಯರ ಬಳಗದವ್ರು ವರ್ಷಾ ವರ್ಷಾ ರಾಜ್ಯೋತ್ಸವ ಮಾಡ್ತೀವಿ, ಬೆಳಗ್ಗೆ ಬಾವುಟ, ಮಧ್ಯಾಹ್ನ ಭುವನೇಶ್ವರಿ ಮೆರವಣಿಗೆ, ಸಂಜೆ ಆರ್ಕೆಸ್ಟ್ರಾ, ಆರ್ಕೆಸ್ಟ್ರಾಗೂ ಮುಂಚೆ "ಸಾಧಕರಿಗೆ ಸನ್ಮಾನ". ಸಾಧಕರು ಅಂದ್ರೆ ಯಾರು ಅಂತ ನಿಮಗೂ ಗೊತ್ತೇ ಇರುತ್ತೆ, ಹತ್ತು ಸಾವ್ರ ಚಂದಾ ಕೊಟ್ಟೋರು, ಶಾಮಿಯಾನ ಕಮ್ಮಿ ರೇಟಿಗೆ ಹಾಕ್ಕೊಟ್ಟೋರು, ಮುಂದಿನ ಸಲ ಎಲೆಕ್ಷನ್ನಿಗೆ ನಿಲ್ಲೋರು. ಹೋದ್ವರ್ಷ 31 ಜನಕ್ಕೆ ಶಾಲು ಹಾಕಿದ್ವಿ, ಕೊನೆಗೆ ಶಾಲು ಸಾಲ್ದೆ ಮೊದ್ಲು ಹಾಕಿಸ್ಕೊಂಡು ಕೆಳಗೆ ಕೂತಿದ್ದ ನಮ್ಮ ಸೋದರಮಾವನ ಹತ್ರ ಇಸ್ಕೊಂಡು ಬಂದು ಹಾಕಿದ್ವಿ, ಸುಳ್ಳಲ್ಲ.

ಈ ಸಲ ಜುಲೈ ಮಳೆಗೆ ನಮ್ಮ ಕೇರಿಲಿ ನಾಲ್ಕು ದಿನ ಕರೆಂಟಿರ್ಲಿಲ್ಲ. ಐದನೇ ದಿನ ಸಂಜೆ ನಮ್ಮನೆ ಹಿಂದಿನ ತೋಟಕ್ಕೆ ಪವರ್‌ಮ್ಯಾನ್ ಬಂದ್ರು, ಪ್ಯಾಂಟ್ ಮೊಣಕಾಲಿಗೆ ಮಡಚಿದ್ರು, ಕಾಲಿಗೆ ಉಂಬಳ ಹತ್ತಿ ರಕ್ತ ಇಳೀತಿದೆ, ಅದನ್ನ ನೋಡ್ಕೊಳ್ಳೋಕೂ ಪುರುಸೊತ್ತಿಲ್ಲ, ಹಂಗೇ ಕಂಬ ಹತ್ತಿದ್ರು. ಇಳಿದ್ಮೇಲೆ ಟೀ ಕೊಟ್ರೆ ಅರ್ಧ ಲೋಟ ಕುಡಿದು "ಇನ್ನೂ ಮೂರು ಕಡೆ ಲೈನ್ ಮೇಲೆ ಮರ ಬಿದ್ದಿದೆ ಸಾರ್" ಅಂತ ಹೊರಟ್ರು. ಅವತ್ತು ರಾತ್ರಿ ಫ್ಯಾನ್ ತಿರುಗ್ತಿರೋದು ನೋಡ್ಕೊಂಡು ಮಲಗಿದ್ದಾಗ ಅನ್ಸಿದ್ದು, ನಾವು 31 ಜನಕ್ಕೆ ಶಾಲು ಹಾಕಿದ್ವಲ್ಲ, ಇವ್ರ ಹೆಸರೂ ನಂಗೆ ಗೊತ್ತಿಲ್ಲ.

ಮೀಟಿಂಗಲ್ಲಿ ಹೇಳ್ದೆ. ಎಲ್ರೂ ಸರಿ ಸರಿ ಅಂದ್ರು, ಆದ್ರೆ ಅರ್ಧ ಗಂಟೆಲಿ ಲಿಸ್ಟ್ 24ಕ್ಕೆ ಏರ್ತು, ಅದರಲ್ಲಿ ಮತ್ತೆ ಶಾಮಿಯಾನದವ್ರ ಭಾವಮೈದ ಬಂದು ಕೂತ್ರು. ಬಜೆಟ್ 40 ಸಾವ್ರ. ನನ್ನ ಪ್ರಶ್ನೆ ಇಷ್ಟು, ಎಷ್ಟು ಜನಕ್ಕೆ ಮಾಡ್ಬೇಕು, ಯಾರನ್ನ ಹೆಂಗೆ ಆರಿಸ್ಬೇಕು, ಕೈಗೆ ಏನು ಕೊಟ್ರೆ ಅವ್ರಿಗೆ ನಿಜವಾಗ್ಲೂ ಉಪಯೋಗ? ಸರ್ಕಾರದ ಪ್ರಶಸ್ತಿಗೆ ಇಂಥೋರ ಹೆಸರು ಕಳ್ಸೋಕೆ ದಾರಿ ಏನಾದ್ರೂ ಇದ್ರೆ ಅದನ್ನೂ ಹೇಳಿ.

ಮಾಜಿ_ಖಜಾಂಚಿ

ಗುರುವೇ, ಹನ್ನೊಂದು ವರ್ಷ ಇದೇ ಕೆಲಸ ಮಾಡಿ ಕೈ ಸುಟ್ಕೊಂಡಿದೀನಿ, ಕೇಳು.

ಮೊದಲ್ನೇದು, ಐದೇ ಜನ. ಆರನೇ ಹೆಸರು ಬಂತಾ, ಬಾಗಿಲು ತೆಗೆದಂಗೆ, ಆಮೇಲೆ ಊರೇ ಒಳಗೆ ಬರುತ್ತೆ. ರಾಜ್ಯ ಸರ್ಕಾರದ್ದೇ ನೋಡು, ರಾಜ್ಯೋತ್ಸವ ಪ್ರಶಸ್ತಿ 1966ರಲ್ಲಿ ಶುರುವಾಗಿದ್ದು, ನಡುವೆ ಒಂದೊಂದು ವರ್ಷ ಕೈಗೆ ಸಿಕ್ದೋರಿಗೆಲ್ಲ ಕೊಟ್ಟು ನಗೆಪಾಟಲಾಯ್ತು, ಈಗ ರಾಜ್ಯ ಹುಟ್ಟಿ ಎಷ್ಟು ವರ್ಷ ಆಯ್ತೋ ಅಷ್ಟೇ ಜನ ಅಂತ ಲೆಕ್ಕ ಇಟ್ಟಿದಾರೆ, 2023ಕ್ಕೆ 68, 2024ಕ್ಕೆ 69, 2025ಕ್ಕೆ 70. ಐದು ಲಕ್ಷ ರೂಪಾಯಿ, 25 ಗ್ರಾಂ ಚಿನ್ನ, ಅಷ್ಟು ದೊಡ್ಡ ಪ್ರಶಸ್ತಿಗೇ ಒಂದು ಬೇಲಿ ಬೇಕಾಯ್ತು ಅಂದ್ಮೇಲೆ ನಿಮ್ಮ ಬಳಗಕ್ಕೆ ಬೇಡ್ವಾ.

ಎರಡ್ನೇದು ಟೈಮು. ಸನ್ಮಾನ ಸಂಜೆ 6ಕ್ಕೆ ಅಂತ ಇನ್ವಿಟೇಶನ್‌ನಲ್ಲಿ ಹಾಕಿದ್ರೆ 6ಕ್ಕೇ ಮಾಡಿ, ಶಾಸಕರು ಬರ್ಲಿ ಬಿಡ್ಲಿ. ನಾವು ಒಂದು ವರ್ಷ ಪೌರಕಾರ್ಮಿಕ ಅಮ್ಮ ಒಬ್ರನ್ನ ಕರೆಸಿದ್ವಿ, 6ಕ್ಕೆ ಬಂದು ಕೂತ್ರು, ಅತಿಥಿಗಳು ಬಂದಿದ್ದು 9 ಮುಕ್ಕಾಲಿಗೆ. ಆಮೇಲೆ ಭಾಷಣ. ಅವ್ರ ಸರದಿ ಬಂದಾಗ ಹತ್ತೂ ಮುಕ್ಕಾಲು, ಆ ಅಮ್ಮಂಗೆ ಮಾರನೇ ದಿನ ಬೆಳಗ್ಗೆ ಆರು ಗಂಟೆಗೆ ಹಾಜರಿ. ಪೇಟ ತಲೆ ಮೇಲಿಟ್ಟಾಗ ಅವ್ರು ತೂಕಡಿಸ್ತಿದ್ರು, ಫೋಟೋದಲ್ಲಿ ಕಣ್ಣು ಮುಚ್ಚಿದೆ. ಆ ಫೋಟೋನೇ ಫ್ಲೆಕ್ಸ್ ಮಾಡಿ ಸರ್ಕಲ್ಲಲ್ಲಿ ಕಟ್ಟಿದ್ವಿ, ಯಾರಿಗೂ ನಾಚ್ಕೆ ಆಗ್ಲಿಲ್ಲ. ನಂಗೆ ಆಗಿದ್ದೂ ಎರಡು ವರ್ಷ ಬಿಟ್ಟು.

ಮೂರ್ನೇದು, ಗಂಧದ ಹಾರ, ಹಣ್ಣಿನ ಬುಟ್ಟಿ, ಗಾಜಿನ ಮೊಮೆಂಟೊ ಇವೆಲ್ಲ ಸೇರಿದ್ರೆ ತಲೆಗೆ ಎರಡು ಸಾವ್ರದ ಹತ್ರ ಹೋಗುತ್ತೆ, ಅದ್ರಲ್ಲಿ ಮನೆಗೆ ಉಪಯೋಗ ಆಗೋದು ಬಾಳೆಹಣ್ಣು ಮಾತ್ರ.

ಸೈರನ್_ಅಕ್ಕ

ನಾನು 108ರಲ್ಲಿ ಇಎಂಟಿ, ಅಂದ್ರೆ ಗಾಡಿ ಒಳಗೆ ಪೇಶಂಟನ್ನ ನೋಡ್ಕೊಳ್ಳೋಳು, ಏಳನೇ ವರ್ಷ ನಡೀತಿದೆ. ಮೊದ್ಲಿಗೆ ಒಂದು ತಮಾಷೆ ಹೇಳ್ತೀನಿ, ಆರೋಗ್ಯ ಕವಚ 108 ನಮ್ಮ ರಾಜ್ಯದಲ್ಲಿ ಶುರುವಾಗಿದ್ದೇ 2008ರ ನವೆಂಬರ್ 1ಕ್ಕೆ, ಅಂದ್ರೆ ನಿಮ್ಮ ಬಾವುಟದ ದಿನ ನಮ್ಮ ಗಾಡಿದೂ ಹುಟ್ಟಿದಬ್ಬ. ಅವತ್ತು ನಮಗೆ ರಜೆ ಇಲ್ಲ, ಮೆರವಣಿಗೆ ಇರೋ ಕಡೆ ಜಾಸ್ತಿ ಡ್ಯೂಟಿ. ಹಂಗಾಗಿ ಸಂಜೆ ವೇದಿಕೆಗೆ ಬನ್ನಿ ಅಂದ್ರೆ ನಮ್ಮ ಶಿಫ್ಟ್ ನೋಡಿ ಕರೀರಿ, ಇಲ್ಲಾಂದ್ರೆ ಗಾಡಿ ನಿಲ್ಲೋ ಜಾಗಕ್ಕೆ ನೀವೇ ಬನ್ನಿ. ಅಲ್ಲಿ ಬಂದು ಎರಡು ಮಾತಾಡಿ ಹೋದ್ರೂ ಖುಷಿನೇ, ಕಾಲ್ ಬಂದ್ರೆ ಮಾತ್ರ ಅರ್ಧಕ್ಕೇ ಎದ್ದು ಹೋಗ್ತೀವಿ, ಬೇಜಾರ್ ಮಾಡ್ಕೋಬಾರ್ದು.

ಇನ್ನೊಂದು, ಗಾಡಿಲಿ ಇಬ್ರು ಇರ್ತೀವಿ. ಗಾಡಿ ಓಡ್ಸೋರನ್ನ ನಾವು ಪೈಲಟ್ ಅಂತೀವಿ. ಸನ್ಮಾನ ಅಂದ್ರೆ ಎಲ್ರೂ ಬಿಳಿ ಕೋಟ್ ಹಾಕಿರೋರನ್ನ ಕರೀತಾರೆ, ಪೈಲಟ್‌ನ ಬಿಡ್ತಾರೆ. ಇಬ್ರನ್ನೂ ಕರೀರಿ, ಒಬ್ರನ್ನೇ ಕರೆದ್ರೆ ಮಾರನೇ ದಿನದಿಂದ ಅದೇ ಕ್ಯಾಬಿನ್ನಲ್ಲಿ ಹನ್ನೆರಡು ತಾಸು ಅವ್ರ ಪಕ್ಕ ಕೂರ್ಬೇಕಾಗಿರೋದು ನಾವು 😀

ಏನು ಕೊಡ್ಬೇಕು ಅಂತ ಕೇಳಿದ್ರಲ್ಲ. ನಮ್ಮ ಕೆಲಸದಲ್ಲಿ ಒಂದು ವಿಚಿತ್ರ ಇದೆ, ಪೇಶಂಟನ್ನ ಆಸ್ಪತ್ರೆ ಸ್ಟ್ರೆಚರಿಗೆ ಹಾಕಿ ಸೈನ್ ಮಾಡಿಸ್ಕೊಂಡ್ರೆ ಮುಗೀತು, ಮುಂದೆ ಏನಾಯ್ತು ಅಂತ ನಮಗೆ ಗೊತ್ತಾಗಲ್ಲ. ಗಾಡಿ ತೊಳೆಯೋ ಅಷ್ಟರಲ್ಲಿ ಇನ್ನೊಂದು ಕಾಲ್. ಒಂದು ಸಲ ರಾತ್ರಿ ಎರಡೂವರೆಗೆ ಘಾಟಿ ತಿರುವಿನಲ್ಲಿ ಗಾಡಿ ಸೈಡಿಗೆ ಹಾಕಿ ಹೆರಿಗೆ ಮಾಡಿಸ್ದೆ, ಏಳು ತಿಂಗಳ ಮಗು, ಅಂಗೈ ಮೇಲೆ ಇಟ್ರೆ ಇನ್ನೂ ಜಾಗ ಉಳಿಯೋಷ್ಟು, ಪೈಲಟ್ ಅಣ್ಣ ಟಾರ್ಚ್ ಹಿಡ್ಕೊಂಡು ಮುಖ ಆಚೆ ತಿರುಗಿಸಿ ನಿಂತಿದ್ರು, ಕೈ ಮಾತ್ರ ಅಲುಗಾಡ್ಲಿಲ್ಲ. ಮಗು ಅಳೋಕೆ ತಗೊಂಡ ಟೈಮು ನಂಗೆ ಇವತ್ತೂ ನೆನಪಿದೆ. ತಾಲ್ಲೂಕು ಆಸ್ಪತ್ರೆಗೆ ಬಿಟ್ವಿ, ಅಲ್ಲಿಂದ ಜಿಲ್ಲೆಗೆ ಕಳ್ಸಿದ್ರು ಅಂತ ಕೇಳ್ದೆ, ಅಷ್ಟೇ. ಎರಡು ವರ್ಷ ಆದ್ಮೇಲೆ ಜಾತ್ರೆಲಿ ಡ್ಯೂಟಿ ಮೇಲಿದ್ದಾಗ ಒಬ್ಬಳು ಹುಡುಗಿ ಬಂದು ಬೆಂಡು ಬತ್ತಾಸು ಕೈಲಿ ಹಿಡಿದಿದ್ದ ಮಗೂನ ಮುಂದೆ ತಳ್ಳಿ "ಇವ್ನೇ ಅಕ್ಕಾ" ಅಂದ್ಳು. ನಂಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಯಾರೂ ಕೊಟ್ಟಿಲ್ಲ. ನಿಮ್ಮ ಕೈಲಾದ್ರೆ ಹಂಗೆ ಬದುಕಿ ಬಂದೋರನ್ನ ಹುಡುಕಿ ಕರ್ಕೊಂಡು ಬನ್ನಿ, ಶಾಲು ಅವ್ರೇ ಹೊದಿಸ್ಲಿ.

ಬಿಸಿಬೇಳೆಬಾತ್

ಕ್ಷಮಿಸಿ, ನಾನು ಸ್ವಲ್ಪ ಉಲ್ಟಾ ಮಾತಾಡ್ತೀನಿ. ಕೊರೋನಾ ಟೈಮಲ್ಲಿ ತಟ್ಟೆ ಬಡಿದ್ವಿ, ಹೂ ಹಾಕಿದ್ವಿ, ಆಮೇಲೆ ಅದೇ ಆಶಾ ಕಾರ್ಯಕರ್ತೆಯರು ಗೌರವಧನಕ್ಕೋಸ್ಕರ ಬೆಂಗಳೂರಲ್ಲಿ ಚಳಿಲಿ ರಸ್ತೆ ಮೇಲೆ ಕೂತಾಗ ಟ್ರಾಫಿಕ್ ಜಾಮ್ ಆಯ್ತು ಅಂತ ಬೈದಿದ್ದೂ ನಾವೇ. ಸಂಬಳ ಟೈಮಿಗೆ ಕೊಡಿ, ಒಳ್ಳೇ ಗ್ಲೌಸು ಶೂ ಕೊಡಿ, ಸನ್ಮಾನ ಯಾಕೆ ಬೇಕು? 'ಹೀರೋ' ಅಂತ ಕರೆದ್ಬಿಟ್ರೆ ಅವ್ರು ಏನೂ ಕೇಳಂಗಿಲ್ಲ ಅನ್ನೋ ಹಂಗಾಗುತ್ತೆ.

ಸೈರನ್_ಅಕ್ಕ

@ಬಿಸಿಬೇಳೆಬಾತ್ ಸಂಬಳ ಕೇಳೋದು ನಾವು ಕೇಳ್ತಾನೇ ಇದೀವಿ, ಅದು ತುಂಗಾತೀರ ಅವ್ರ 40 ಸಾವ್ರದಿಂದ ಬಗೆಹರಿಯೋದಲ್ಲ. ಊರವ್ರು ಕರೆದು ಮಾತಾಡಿಸಿದ್ರೆ ಬೇಡ ಅನ್ನೋಕೆ ನಾನ್ಯಾರು. ಎರಡೂ ಇರ್ಲಿ ಸಾರ್.

ಕಡಲ್_ಕರೆ

ನಮ್ಮ ಮಂಗಳೂರು ಕಡೆಯಿಂದ ಎರಡು ಮಾತು. ನೀವು 108, ಫೈರ್ ಅಂತ ಯೂನಿಫಾರ್ಮ್ ಹಾಕಿದವರನ್ನೇ ಹೇಳ್ತಾ ಇದ್ದೀರಿ, ಅದು ಸರಿಯೇ, ಆದ್ರೆ ಅವರು ಬರುವ ಮೊದ್ಲು ಅಲ್ಲಿ ಇರುವವರು ಯಾರು ಮಾರಾಯ್ರೆ? 2010ರ ಮೇ 22ಕ್ಕೆ ದುಬೈ ವಿಮಾನ ರನ್‌ವೇ ದಾಟಿ ಗುಂಡಿಗೆ ಬಿತ್ತಲ್ಲ, 158 ಜನ ಹೋದ್ರು, ಉಳಿದದ್ದು ಎಂಟೇ ಜನ. ಬೆಳ್ಳಂಬೆಳಗ್ಗೆ ಆ ಹೊಗೆಯ ಹತ್ರ ಮೊದ್ಲು ಓಡಿದ್ದು ಕೆಂಜಾರು ಕಡೆಯ ಊರಿನವರು, ಲುಂಗಿ ಎತ್ತಿ ಕಟ್ಟಿಕೊಂಡು ಗುಡ್ಡ ಇಳಿದವರು. ಅವರಿಗೆಲ್ಲ ಯಾವ ಇಲಾಖೆಯ ಪದಕ ಉಂಟು? ಇಲಾಖೆಯೇ ಇಲ್ಲ ಅಲ್ವಾ.

ಮತ್ತೆ 2024ರ ಜುಲೈ 16, ಅಂಕೋಲಾ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಜಾರಿದ್ದು. ಗಂಗಾವಳಿ ಕೆಂಪಾಗಿ ಹರೀತಾ ಇತ್ತು, ನೀರಿನ ಒಳಗೆ ಸ್ವಂತ ಕೈ ಕಾಣ್ಲಿಕ್ಕಿಲ್ಲ, ಅದಕ್ಕೆ ಮಲ್ಪೆಯ ಮುಳುಗುಗಾರ ಈಶ್ವರ್ ಅವರ ಟೀಮು ಇಳಿದದ್ದು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಗುಡ್ಡದ ಮಣ್ಣಿನ ಜೊತೆ ಹೊಳೆಗೆ ಹೋಗಿದ್ದ ಕೇರಳದ ಆ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ, ಗೋವಾದಿಂದ ಡ್ರೆಜ್ಜರ್ ತಂದ ಮೇಲೆ. ನಿಮ್ಮ ತುಂಗೆಯಲ್ಲಿಯೂ ಮುಳುಗಿದವರನ್ನ ತೆಗೆಯುವವರು ಒಬ್ರಾದ್ರೂ ಇದ್ದೇ ಇರ್ತಾರೆ, ಪೊಲೀಸರೇ ಅವರಿಗೆ ಫೋನ್ ಮಾಡುದು, ಬೋಟ್ ಪೆಟ್ರೋಲು ಅವರದ್ದೇ ಕಿಸೆಯಿಂದ. ಅವರನ್ನ ಹುಡುಕಿ.

ಆಯ್ಕೆ ಹೇಗೆ ಅಂದ್ರೆ, ಅರ್ಜಿ ಕರೀಬೇಡಿ. ಅರ್ಜಿ ಹಾಕುವವನು ಇಂಥ ಕೆಲಸ ಮಾಡುವವ ಅಲ್ಲ, ಇಂಥ ಕೆಲಸ ಮಾಡುವವನಿಗೆ ಅರ್ಜಿ ಹಾಕ್ಲಿಕ್ಕೆ ಬರುದಿಲ್ಲ. ನಮ್ಮ ಹರೇಕಳ ಹಾಜಬ್ಬರನ್ನೇ ನೋಡಿ, ಬಸ್‌ಸ್ಟ್ಯಾಂಡಿನಲ್ಲಿ ಕಿತ್ತಳೆ ಮಾರಿ ನ್ಯೂಪಡ್ಪುವಿನಲ್ಲಿ ಶಾಲೆ ಮಾಡಿದವರು, ಪದ್ಮಶ್ರೀ ಬಂತು ಅಂತ ಫೋನ್ ಬರುವಾಗ ರೇಷನ್ ಅಂಗಡಿ ಕ್ಯೂನಲ್ಲಿ ನಿಂತಿದ್ರು. ಅವರಾಗಿ ಎಲ್ಲಿಗೂ ಹೋಗಿ ಕೇಳಿದವರಲ್ಲ, ಕಂಡವರು ಬರೆದು ಬರೆದು ದಿಲ್ಲಿಗೆ ಮುಟ್ಟಿತು. ಹಾಗೆ ನೀವೇ ಸ್ಟೇಷನ್ನಿಗೆ, ಆಸ್ಪತ್ರೆಗೆ, ಆಟೋ ಸ್ಟ್ಯಾಂಡಿಗೆ ಹೋಗಿ "ಕಷ್ಟಕ್ಕೆ ಮೊದ್ಲು ಯಾರಿಗೆ ಫೋನ್ ಮಾಡ್ತೀರಿ" ಅಂತ ಕೇಳಿ. ಮೂರು ಕಡೆ ಒಂದೇ ಹೆಸರು ಬಂದ್ರೆ ಮುಗೀತು.

ಬೆಲ್_ಹೊಡೀತು

ಅಗ್ನಿಶಾಮಕ ಇಲಾಖೆಯಲ್ಲಿ 33 ವರ್ಷ, ಈಗ ನಿವೃತ್ತ. ಮೇಲೆ ಬಂದಿರೋ ಮಾತೆಲ್ಲ ಓದ್ದೆ.

ಇಲಾಖೆಯವರಿಗೆ ಪದಕದ ದಾರಿ ಬೇರೆ ಇದೆ, ಅದು ನಿಮಗೆ ತಿಳಿದಿರ್ಲಿ. ಜನವರಿ 26ಕ್ಕೆ, ಆಗಸ್ಟ್ 15ಕ್ಕೆ ರಾಷ್ಟ್ರಪತಿ ಪದಕದ ಲಿಸ್ಟ್ ಬರುತ್ತೆ, ರಾಜ್ಯದಲ್ಲಿ ಮುಖ್ಯಮಂತ್ರಿ ಪದಕ ಇದೆ, ಪೊಲೀಸರಿಗೆ ಏಪ್ರಿಲ್ 2 ಧ್ವಜ ದಿನ. ನಮ್ಮ ಅಗ್ನಿಶಾಮಕ ದಿನ ಏಪ್ರಿಲ್ 14. ಆ ತಾರೀಖು ಯಾಕೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ, ಅಂಬೇಡ್ಕರ್ ಜಯಂತಿನೂ ಅವತ್ತೇ ಆದ್ರಿಂದ ರಜೆ ಅಂತ ಅಷ್ಟೇ ಗೊತ್ತು. 1944ರಲ್ಲಿ ಬೊಂಬಾಯಿ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೈನ್ ಅಂತ ಹಡಗು, ಅದರೊಳಗೆ ಹತ್ತಿ ಮೂಟೆನೂ ಇತ್ತು ಸಿಡಿಮದ್ದೂ ಇತ್ತು, ಬೆಂಕಿ ಬಿತ್ತು ಅಂತ ಆರಿಸೋಕೆ ಹೋದೋರಲ್ಲಿ 66 ಜನ ಫೈರ್‌ಮ್ಯಾನ್‌ಗಳು ಹಡಗು ಸಿಡಿದು ಸತ್ತೋದ್ರು. ಪ್ರತಿ ವರ್ಷ ಅವತ್ತು ಠಾಣೆಯಲ್ಲಿ ಎರಡು ನಿಮಿಷ ನಿಲ್ತೀವಿ. ನವೆಂಬರ್ ಬದಲು ಏಪ್ರಿಲ್ 14ಕ್ಕೆ ನಿಮ್ಮ ಬಳಗದ ನಾಲ್ಕು ಜನ ಠಾಣೆಗೆ ಬಂದು ನಮ್ಮ ಜೊತೆ ನಿಂತ್ರೆ, ನನ್ನ ಪ್ರಕಾರ ಅದೇ ಸನ್ಮಾನ. ಖರ್ಚೂ ಇಲ್ಲ.

ಮಕ್ಕಳನ್ನ ಕರ್ಕೊಂಡು ಬನ್ನಿ. ಬೆಂಕಿ ಅಂದ್ರೆ ಸಿನಿಮಾದ ಬೆಂಕಿ ಅಂದ್ಕೊಂಡಿರ್ತಾರೆ, ನಿಮ್ಮ ಕಡೆ ಠಾಣೆಗೆ ಬರೋ ಕಾಲ್‌ಗಳಲ್ಲಿ ಹುಲ್ಲಿನ ಬಣವೆ, ಬಾವಿಗೆ ಬಿದ್ದ ದನ, ರಸ್ತೆಗೆ ಬಿದ್ದ ಮರ ಇವೇ ಜಾಸ್ತಿ. ಬಾವಿ ವಿಷಯ ಒಂದು ಹೇಳ್ಬೇಕು. ಹಳೇ ಬಾವಿ, ಒಬ್ಬ ಹೂಳು ತೆಗೆಯೋಕೆ ಇಳಿದು ಮೇಲೆ ಬರ್ಲಿಲ್ಲ, ಅವನನ್ನ ಎತ್ತೋಕೆ ತಮ್ಮ ಇಳಿದ, ಅವನೂ ಬರ್ಲಿಲ್ಲ, ಮೂರನೇಯವನು ಹಗ್ಗ ಹಿಡಿದು ಕಾಲು ಒಳಗೆ ಇಟ್ಟಿದ್ದಾನೆ, ಅಷ್ಟರಲ್ಲಿ ನಾವು ಹೋದ್ವಿ. ಅವನ ಕಾಲರ್ ಹಿಡಿದು ಹಿಂದೆ ಎಳೆದೆ, ಅವನು ನಂಗೇ ಹೊಡೆದ, "ನಮ್ಮಣ್ಣ ಸಾಯ್ತಿದಾನೆ ಬಿಡೋ" ಅಂತ. ಕೆಳಗೆ ಉಸಿರಾಡೋ ಗಾಳಿ ಇರಲ್ಲ, ಹತ್ತಡಿ ಇಳಿಯೋ ಅಷ್ಟರಲ್ಲಿ ಪ್ರಜ್ಞೆ ಹೋಗುತ್ತೆ, ಬಿಎ ಸೆಟ್, ಅಂದ್ರೆ ಬೆನ್ನಿಗೆ ಕಟ್ಕೊಳ್ಳೋ ಉಸಿರಾಟದ ಸಿಲಿಂಡರ್, ಅದನ್ನ ಹಾಕ್ಕೊಳ್ದೆ ಇಳಿಯೋದು ಧೈರ್ಯ ಅಲ್ಲ. ಆಮೇಲೆ ನಾವು ಬಿಎ ಸೆಟ್ ಹಾಕ್ಕೊಂಡು ಇಳಿದು ಇಬ್ರನ್ನೂ ತಂದ್ವಿ, ಜೀವ ಇರ್ಲಿಲ್ಲ. ನನ್ನ ಸರ್ವಿಸ್‌ನಲ್ಲಿ ನಾನು ಉಳಿಸಿದ ಜೀವಗಳಲ್ಲಿ ಮೊದಲ ಲೆಕ್ಕ ಹಾಕೋದು ಆ ಮೂರನೇ ತಮ್ಮನ್ನ, ಆದ್ರೆ ಅದಕ್ಕೆ ಯಾವ ರಿಪೋರ್ಟಲ್ಲೂ ಕಾಲಂ ಇಲ್ಲ.

ಹಂಗಾಗಿ ಒಂದು ಎಚ್ಚರ, ಸೈರನ್ ಅಕ್ಕ ಹೇಳಿದ ಮಾತು ಚೆನ್ನಾಗಿದೆ, ಆದ್ರೆ ಬದುಕಿ ಬಂದೋರೆಲ್ಲ ವೇದಿಕೆಗೆ ಬರೋಕೆ ಇಷ್ಟಪಡಲ್ಲ. ಕೆಲವ್ರು ಹೊಳೆಗೆ ತಾವಾಗೇ ಬಿದ್ದಿರ್ತಾರೆ. ಕೆಲವ್ರ ಜೊತೆ ಇದ್ದೋರು ಉಳಿದಿರಲ್ಲ. ಮೊದ್ಲು ಅವ್ರ ಮನೆಯವ್ರನ್ನ ತಣ್ಣಗೆ ಕೇಳಿ, ಬೇಡ ಅಂದ್ರೆ ಎರಡನೇ ಸಲ ಕೇಳ್ಬೇಡಿ.

ಹೊಳಿದಂಡಿ

ನಮ್ಮ ರಾಯಚೂರ ಕಡೀದ್ದೊಂದು ಹೇಳ್ತೀನ್ರಿ. 2019ರ ಆಗಸ್ಟ್‌ದಾಗ ಕೃಷ್ಣಾ ಹೊಳಿ ತುಂಬಿ ದೇವದುರ್ಗ ತಾಲೂಕಿನ ಹಿರೇರಾಯನಕುಂಪಿ ಹತ್ರ ಸೇತುವಿ ಪೂರಾ ಮುಳಗಿತ್ತು. ಆಂಬುಲೆನ್ಸ್ ಬಂದು ನಿಂತದ, ಒಳಗ ಒಂದು ಹೆಣ, ಜೋಡಿ ಸಣ್ಣ ಹುಡುಗ್ರು ಅದಾರ, ಡ್ರೈವರ್‌ಗ ಸೇತುವಿ ಎಲ್ಲೈತಿ ಹೊಳಿ ಎಲ್ಲೈತಿ ತಿಳೀವಲ್ದು. ಆರನೇತ್ತೆ ಓದೂ ಹುಡಗ ಒಬ್ಬಂವ ನೀರಾಗಿಳಿದು ಗಾಡಿ ಮುಂದ ಮುಂದ ಓಡಿದ, ಟೊಂಕದ ಮಟ ನೀರು, ಎಡವಿ ಬಿದ್ದ, ಮತ್ತ ಎದ್ದ, ಆಕಡೆ ದಂಡಿಗೆ ಮುಟ್ಟಿಸೇ ಬಿಟ್ಟ. ವಿಡಿಯೋ ನೀವೂ ನೋಡಿರ್ತೀರಿ. ಆಗಸ್ಟ್ 15ಕ್ಕ ಡಿಸಿಯವ್ರು ಕರದು ಸನ್ಮಾನ ಮಾಡಿದ್ರು, ಮುಂದ ಜನವರಿಗೆ ದಿಲ್ಲಿಯಾಗ ಮಕ್ಕಳ ಶೌರ್ಯ ಪ್ರಶಸ್ತಿನೂ ಸಿಕ್ತು.

ಚಲೋ ಆತು, ಖುಷಿ ಆತು. ಆದ್ರ ನನಗ ಆವಾಗ ಒಂದು ಕೊರೀತಿತ್ರಿ. ಎಲ್ಲಾರೂ ಹುಡಗನ ಧೈರ್ಯ ಹೊಗಳಿದ್ರು, ಸೇತುವಿ ಯಾಕ ಅಷ್ಟು ತೆಳಗ ಅದ ಅಂತ ಕೇಳಿದೋರು ಕಡಿಮಿ. ನಿಮ್ಮ ಪವರ್‌ಮ್ಯಾನ್‌ಗೂ ಅದ ಮಾತು. ಉಂಬಳ ಕಡಸ್ಕೊಂಡು ಕಂಬ ಹತ್ತಿದ್ರು ಅಂತ ಬಿನ್ನವತ್ತಳಿಯಾಗ ಬರೀರಿ, ಜೋಡಿಗೆ ಗಂಬೂಟ್ ಇದ್ದಿದ್ದಿಲ್ಲ ಅಂತನೂ ಬರೀರಿ. ವೇದಿಕಿ ಮ್ಯಾಲ ಅವ್ರ ಸಾಹೇಬ್ರು ಕುಂತಿರ್ತಾರಲ್ಲ, ಕೇಳಲಿ.

ಇನ್ನೊಂದು, ಸಣ್ಣ ಹುಡುಗ್ರಿಗೆ ಕೊಡಾಕತ್ತಿದ್ರ ನಿರೂಪಣೆ ಮಾಡೋರಿಗೆ ಹೇಳ್ರಿ, "ಎಲ್ಲಾ ಮಕ್ಕಳೂ ಹಿಂಗ ಮಾಡ್ರಿ" ಅನಬ್ಯಾಡ್ರಿ ಅಂತ. ಮರುದಿನ ಯಾವನರ ನೀರಿಗೆ ಇಳದಾನು.

ಟಪಾಲು_ಸೆಕ್ಷನ್

ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಸರ್ಕಾರದ ಪ್ರಶಸ್ತಿಗೆ ಹೆಸರು ಕಳ್ಸೋ ಪ್ರಶ್ನೆಗೆ ಉತ್ತರ ಹೇಳ್ತೀನಿ, ಇಲಾಖೆಯವರಲ್ಲದ ಜನಕ್ಕೆ ಇರೋ ದಾರಿನ ಯಾರೂ ಮುಟ್ಟಿಲ್ಲ.

ಜೀವನ್ ರಕ್ಷಾ ಪದಕ ಅಂತ ಇದೆ, ಕೇಂದ್ರದ್ದು, 1961ರಿಂದ ಇದೆ. ಮೂರು ಮಟ್ಟ, ಸರ್ವೋತ್ತಮ, ಉತ್ತಮ, ಆಮೇಲೆ ಬರೀ ಜೀವನ್ ರಕ್ಷಾ ಪದಕ. ಹಣ ಎರಡು ಲಕ್ಷ, ಒಂದೂವರೆ ಲಕ್ಷ, ಒಂದು ಲಕ್ಷ. ನೀರಿಗೆ ಬಿದ್ದೋರು, ಬೆಂಕಿ, ಕರೆಂಟ್ ಶಾಕ್, ಭೂಕುಸಿತ, ಪ್ರಾಣಿ ದಾಳಿ, ಗಣಿ ಇಂಥದ್ರಲ್ಲಿ ಇನ್ನೊಬ್ಬರ ಜೀವ ಉಳಿಸಿದವರಿಗೆ. ಪೊಲೀಸ್, ಫೈರ್ ಅವರಿಗೆ ಡ್ಯೂಟಿ ಮೇಲೆ ಮಾಡಿದ ಕೆಲಸಕ್ಕೆ ಇದು ಸಿಗಲ್ಲ, ಡ್ಯೂಟಿ ಇಲ್ಲದಾಗ ಮಾಡಿದ್ರೆ ಸಿಗುತ್ತೆ. ಕಡಲ್ ಕರೆ ಅವರು ಹೇಳಿದಂಥ ಜನಕ್ಕೇ ಇದು ಹೇಳಿ ಮಾಡ್ಸಿದ್ದು. ಹೆಸರು ಹೋಗ್ಬೇಕಾದ್ದು ಜಿಲ್ಲಾಡಳಿತದಿಂದ ರಾಜ್ಯಕ್ಕೆ, ಅಲ್ಲಿಂದ ದಿಲ್ಲಿಗೆ. ಘಟನೆ ನಡೆದು ಎರಡು ವರ್ಷದ ಒಳಗೆ ಹೋಗ್ಬೇಕು, ಎಷ್ಟೋ ಒಳ್ಳೇ ಕೇಸ್ ಬಿದ್ದೋಗೋದು ಇಲ್ಲೇ, ಊರವ್ರು ನೆನಪು ಮಾಡ್ಕೊಳ್ಳೋ ಅಷ್ಟರಲ್ಲಿ ಮೂರು ವರ್ಷ ಆಗಿರುತ್ತೆ.

ಡಿಸಿ ಆಫೀಸಿಗೆ ಅರ್ಜಿ ಕೊಡುವಾಗ "ಮಹಾನ್ ಸಾಹಸಿ, ನಿಸ್ವಾರ್ಥ ಸೇವಕ" ಅಂತೆಲ್ಲ ಬರೀಬೇಡಿ, ನಮಗೆ ಅದರಿಂದ ಫೈಲ್ ಮುಂದೆ ಹೋಗಲ್ಲ. ಯಾವ ದಿನ, ಎಷ್ಟು ಗಂಟೆ, ಯಾವ ಜಾಗ, ನೀರು ಎಷ್ಟು ಆಳ, ಯಾರನ್ನ ಉಳಿಸಿದ್ದು, ಉಳಿಸಿದವರಿಗೆ ಈಜು ಬರ್ತಿತ್ತಾ, ಗಾಯ ಆಯ್ತಾ, ಕಣ್ಣಾರೆ ನೋಡಿದವರು ಇಬ್ಬರು ಯಾರು. ಪೊಲೀಸ್ ಸ್ಟೇಷನ್ ಡೈರಿಯ ಎಂಟ್ರಿ, ಆಸ್ಪತ್ರೆ ಕಾಗದ, ಅವತ್ತಿನ ಪೇಪರ್ ಕಟಿಂಗ್. ಇಷ್ಟಿದ್ರೆ ಅರ್ಧ ಪುಟ ಸಾಕು.

ರಸ್ತೆ ಅಪಘಾತಕ್ಕೆ ಬೇರೆ ಯೋಜನೆ, ರಾಹ್‌ವೀರ್ ಅಂತ. 2021ರಲ್ಲಿ ಶುರುವಾದಾಗ 5,000 ಇತ್ತು, 2025ರಲ್ಲಿ 25,000 ಮಾಡಿದ್ರು. ಗಂಭೀರ ಗಾಯ ಆದವರನ್ನ ಮೊದಲ ಒಂದು ಗಂಟೆ ಒಳಗೆ ಆಸ್ಪತ್ರೆಗೆ ಮುಟ್ಟಿಸಿದವರಿಗೆ. ಅದಕ್ಕೂ ಪೊಲೀಸ್ ಅಥವಾ ಆಸ್ಪತ್ರೆಯ ದೃಢೀಕರಣ ಬೇಕು.

ಘಾಟಿ_ಬೈಕರ್

ಟಪಾಲು ಸೆಕ್ಷನ್ ಸಾರ್ ಹೇಳಿದ್ದು ಕಾಗದದ ಮೇಲೆ, ನಾನು ನೆಲದ ಮೇಲೆ ಆಗಿದ್ದು ಹೇಳ್ತೀನಿ. 2014ರಲ್ಲಿ ಹೈವೇಲಿ ಲಾರಿ ಗುದ್ದಿ ಬಿದ್ದಿದ್ದ ಹುಡುಗನ್ನ ಒಂದು ಓಮ್ನಿ ನಿಲ್ಲಿಸಿ ಆಸ್ಪತ್ರೆಗೆ ಹಾಕ್ಕೊಂಡು ಹೋದೆ. ಯಾವ ಆಸ್ಪತ್ರೆ ಅಂತ ಹೇಳಲ್ಲ. ಕೌಂಟರ್‌ನಲ್ಲಿ ಮೊದಲ ಪ್ರಶ್ನೆ "ನೀವು ಏನಾಗ್ಬೇಕು", ಎರಡನೇದು "ಅಡ್ವಾನ್ಸ್ ಯಾರು ಕಟ್ತೀರ". ಶರ್ಟ್ ಪೂರ್ತಿ ಅವನ ರಕ್ತ, ಬೆಳಗಿನ ಜಾವ ನಾಲ್ಕು ಗಂಟೆ ತನಕ ನನ್ನ ಕೂರಿಸ್ಕೊಂಡ್ರು, ನಾನೇ ಗುದ್ದಿರ್ಬೋದು ಅನ್ನೋ ಥರ ನೋಡಿದ್ರು, ಆಮೇಲೆ ಸಾಕ್ಷಿ ಅಂತ ಎರಡು ಸಲ ಓಡಾಡ್ಸಿದ್ರು. ಹುಡುಗ ಉಳಿದ, ಅದೊಂದೇ ಸಮಾಧಾನ. ನಿಜ ಹೇಳ್ತೀನಿ, ಆಮೇಲೆ ಒಂದು ವರ್ಷ ಆಕ್ಸಿಡೆಂಟ್ ಕಂಡ್ರೆ ಗಾಡಿ ನಿಲ್ಲಿಸ್ತಿರ್ಲಿಲ್ಲ, ಫೋನ್ ಮಾಡಿ ಮುಂದೆ ಹೋಗ್ತಿದ್ದೆ.

2016ರ ಫೆಬ್ರವರಿಲಿ ನೆಲಮಂಗಲ ಹತ್ರ ಹರೀಶ್ ಅನ್ನೋ ಹುಡುಗನ ಕೇಸ್ ಆಯ್ತಲ್ಲ, ಲಾರಿ ಹರಿದು ದೇಹ ಎರಡಾಗಿದ್ರೂ ನನ್ನ ಅಂಗಾಂಗ ದಾನ ಮಾಡಿ ಅಂತ ಹೇಳಿ ಹೋದ. ಅವನ ಹೆಸರಲ್ಲೇ ಸರ್ಕಾರ ಸಾಂತ್ವನ ಹರೀಶ್ ಯೋಜನೆ ತಂತು, ರಾಜ್ಯದೊಳಗೆ ಅಪಘಾತ ಆದ್ರೆ ಮೊದಲ 48 ಗಂಟೆ 25,000 ತನಕ ಚಿಕಿತ್ಸೆ ಸರ್ಕಾರದ್ದು ಅಂತ. ಅದೇ ವರ್ಷ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಸಹಾಯ ಮಾಡ್ದೋರನ್ನ ಆಸ್ಪತ್ರೇಲಿ ಕೂಡಿ ಹಾಕ್ಬಾರ್ದು, ಹೆಸರು ವಿಳಾಸ ಹೇಳು ಅಂತ ಬಲವಂತ ಮಾಡ್ಬಾರ್ದು, ದುಡ್ಡು ಕಟ್ಟು ಅನ್ಬಾರ್ದು ಅನ್ನೋ ನಿಯಮಗಳಿಗೆ ಮುದ್ರೆ ಒತ್ತಿತು. 2019ರಲ್ಲಿ ಮೋಟಾರು ಕಾಯ್ದೆಗೇ ಸಹಾಯ ಮಾಡ್ದೋರಿಗೆ ರಕ್ಷಣೆ ಕೊಡೋ ಸೆಕ್ಷನ್ 134ಎ ಅಂತ ಸೇರ್ಸಿದ್ರು. ಈಗ ನಾನು ನಿಲ್ಲಿಸ್ತೀನಿ, ಆ ಸೆಕ್ಷನ್ ನಂಬರ್ ಬಾಯಿಪಾಠ.

ತುಂಗಾತೀರ ಅಣ್ಣ, ನಿಮ್ಮ 40 ಸಾವ್ರದಲ್ಲಿ ಒಂದು ಬೋರ್ಡ್ ಬರೆಸಿ. ಘಾಟಿ ಶುರುವಾಗೋ ಕಡೆ, ಆಟೋ ಸ್ಟ್ಯಾಂಡಲ್ಲಿ, ದೊಡ್ಡ ಅಕ್ಷರದಲ್ಲಿ, "ಗಾಯಾಳುವನ್ನು ಆಸ್ಪತ್ರೆಗೆ ತಂದವರು ಹೆಸರು ಹೇಳಬೇಕಿಲ್ಲ, ದುಡ್ಡು ಕಟ್ಟಬೇಕಿಲ್ಲ, ತಕ್ಷಣ ಹೊರಡಬಹುದು" ಅಂತ. ನಂಗೆ 2014ರಲ್ಲಿ ಅಂಥದ್ದೊಂದು ಕಂಡಿದ್ರೆ ಶಾಲಿನ ಹತ್ತರಷ್ಟು ಖುಷಿ ಆಗ್ತಿತ್ತು.

ಮಾಜಿ_ಖಜಾಂಚಿ

ಬೋರ್ಡ್ ಐಡಿಯಾ ಸೂಪರ್. ಫ್ಲೆಕ್ಸ್ ಮಾಡ್ಸಬೇಡಿ, ಒಂದೇ ಮಳೆಗಾಲಕ್ಕೆ ಹರಿಯುತ್ತೆ, ತಗಡಿನ ಮೇಲೆ ಪೇಂಟ್ ಮಾಡಿಸಿ. ಬಳಗದ ಪದಾಧಿಕಾರಿಗಳ ಫೋಟೋ ಹಾಕ್ಬೇಡಿ ಅಂತ ಬೇರೆ ಹೇಳ್ಬೇಕಾ?

ಇನ್ನೊಂದು ಮರೆತಿದ್ದೆ. ಆಟೋದವ್ರು, ಈಜೋರು ಇವ್ರಿಗೆಲ್ಲ ಹೆಚ್ಚಾಗಿ ವಿಮೆ ಇರಲ್ಲ. ಬ್ಯಾಂಕಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆಯಲ್ಲ, ವರ್ಷಕ್ಕೆ 20 ರೂಪಾಯಿ, ಎರಡು ಲಕ್ಷದ ಅಪಘಾತ ವಿಮೆ, 18ರಿಂದ 70 ವಯಸ್ಸಿನ ತನಕ. ಸನ್ಮಾನದ ಹಿಂದಿನ ವಾರ ಬ್ಯಾಂಕಿಗೆ ಕರ್ಕೊಂಡು ಹೋಗಿ ಫಾರಂ ತುಂಬಿಸಿ ಬನ್ನಿ. ಅದ್ರ ಫೋಟೋ ಯಾರೂ ಪೇಪರಿಗೆ ಹಾಕಲ್ಲ, ಹಾಕ್ದಿದ್ರೆ ಬಿಡಿ.

ತುಂಗಾತೀರ

ಎಲ್ರಿಗೂ ಕೈ ಮುಗಿದೆ. ನಿನ್ನೆ ಮೀಟಿಂಗಲ್ಲಿ ಇದನ್ನೆಲ್ಲ ಓದಿ ಹೇಳ್ದೆ, ಸ್ವಲ್ಪ ಜಗಳನೂ ಆಯ್ತು, ಶಾಮಿಯಾನದವ್ರು ಎದ್ದು ಹೋದ್ರು, ಬೇರೆಯವ್ರನ್ನ ನೋಡ್ತಿದೀವಿ.

ಐದು ಅಂತ ನಿಂತಿದೆ. ಕಡಲ್ ಕರೆ ಹೇಳಿದಂಗೆ ಸ್ಟೇಷನ್ನು, ಆಸ್ಪತ್ರೆ, ಆಟೋ ಸ್ಟ್ಯಾಂಡ್ ಮೂರೂ ಕಡೆ ಕೇಳ್ದೆ, ಆಶ್ಚರ್ಯ ಅಂದ್ರೆ ಮೂರೂ ಕಡೆ ಬಂದ ಹೆಸರು ನಮಗ್ಯಾರಿಗೂ ಹೊಳೆದೇ ಇರ್ಲಿಲ್ಲ, ಸೇತುವೆ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿರೋ ಸಾಬ್ರು. ಹೊಳೆಗೆ ಯಾರಾದ್ರೂ ಬಿದ್ರೆ ಟ್ಯೂಬ್ ಎತ್ಕೊಂಡು ಓಡೋದು ಅವ್ರೇ ಅಂತೆ, ಹೋದ್ವರ್ಷ ಮಾರ್ಚ್‌ನಲ್ಲಿ ಪಿಯುಸಿ ಹುಡುಗರಿಬ್ರನ್ನ ಎಳೆದಿದಾರೆ. ಎರಡು ವರ್ಷ ಇನ್ನೂ ಆಗಿಲ್ಲ, ಅರ್ಜಿ ಬರೀತಿದೀನಿ. ನೀರು ಎಷ್ಟು ಆಳ ಇತ್ತು ಅಂತ ಕೇಳೋಕೆ ಹೋದ್ರೆ "ಅಳತೆ ಹಾಕ್ಕೊಂಡು ಇಳೀತಾರಾ ಅಣ್ಣ" ಅಂತ ನಕ್ಕರು. ಹುಡುಗರ ಮನೆಗೆ ಹೋಗಿದ್ದೆ, ಒಬ್ಬರ ತಾಯಿ ಬರ್ತೀನಿ ಅಂದಿದಾರೆ, ಇನ್ನೊಬ್ರು ಬೇಡ ಅಂದ್ರು, ಬಿಟ್ಟೆ.

ಸಾಬ್ರಿಗೆ ಶಾಲು ಆ ಹುಡುಗನ ತಾಯಿನೇ ಹೊದಿಸ್ತಾರೆ. ಶಾಸಕರಿಗೆ ಆರ್ಕೆಸ್ಟ್ರಾ ಉದ್ಘಾಟನೆ ಇಟ್ಟಿದೀವಿ, ಅದು 8ಕ್ಕೆ. 108ರ ಇಬ್ಬರಿಗೂ ಗಾಡಿ ನಿಲ್ಲೋ ಕಡೆನೇ ಹೋಗ್ತೀವಿ. ಬೋರ್ಡಿಗೆ ಏಳೂವರೆ ಸಾವ್ರ ಕೇಳಿದಾರೆ, ಚೌಕಾಸಿ ನಡೀತಿದೆ.

ಪವರ್‌ಮ್ಯಾನ್ ಅವ್ರನ್ನ ಹುಡುಕಿ ಹೆಸರು ಕೇಳ್ಕೊಂಡೆ, ವಿಜಯಪುರ ಕಡೆಯವ್ರಂತೆ, ಮನೆಯವ್ರೆಲ್ಲ ಅಲ್ಲೇ, ಇಲ್ಲಿ ರೂಮ್ ಮಾಡ್ಕೊಂಡಿದಾರೆ. ಗಂಬೂಟಿಗೆ ಕಾಲಿನ ಅಳತೆ ಕೇಳಿದ್ರೆ ಮೊದ್ಲು ಯಾಕೆ ಅಂತ ಹೇಳ್ದೆ ಕೊಡಲ್ಲ ಅಂದ್ರು, ಆಮೇಲೆ ಒಂಬತ್ತು ಅಂದ್ರು. ನವೆಂಬರ್ 1ಕ್ಕೆ ಸಂಜೆ 6ಕ್ಕೆ ಬರ್ಬೇಕು ಅಂದೆ. ಆಕಾಶ ನೋಡಿದ್ರು. "ಮಳಿ ಇರ್ಲಿಲ್ಲ ಅಂದ್ರ ಬರ್ತೀನ್ರಿ" ಅಂದ್ರು.